58 ವರ್ಷ ಒಂದೇ ಕಾಲೇಜು, ಒಂದೇ ದನಿ: ಕ್ರೀಡಾ ರೇಡಿಯೊ ವಿವರಣೆಗಾರನ ಕೆಲಸ ಹೇಗಿರುತ್ತೆ?

ಜಾತ್ರೆಗೋ ಗಣೇಶನ ಹಬ್ಬಕ್ಕೋ ಊರಲ್ಲಿ ಕಬಡ್ಡಿ ಟೂರ್ನಮೆಂಟ್ ಇಟ್ಟರೆ ಮೈಕ್ ಹಿಡಿಯುವವರು ಒಬ್ಬರು ಇದ್ದೇ ಇರುತ್ತಾರೆ. ವೀಕ್ಷಕ ವಿವರಣೆ ಅಂತ ಪಾಂಪ್ಲೆಟ್‌ನಲ್ಲಿ ಅವರ ಹೆಸರೂ ಇರುತ್ತೆ. ಆಟ ಮುಗಿದು ಕಪ್ ಕೊಟ್ಟ ಮೇಲೆ ಅವರನ್ನು ನೆನಪಿಟ್ಟುಕೊಳ್ಳುವವರು ಕಡಿಮೆ. ಅಮೆರಿಕದ ಸಣ್ಣ ಊರುಗಳಲ್ಲಿ ಹಾಗಲ್ಲ. ಅಲ್ಲಿ ಕಾಲೇಜು ತಂಡದ ಆಟವನ್ನು ರೇಡಿಯೊದಲ್ಲಿ ಹೇಳುವವನೇ ಆ ಕಾಲೇಜಿನ ದನಿ. ಕೋಚ್ ಬದಲಾಗುತ್ತಾನೆ, ಆಟಗಾರರು ನಾಲ್ಕು ವರ್ಷಕ್ಕೆ ಡಿಗ್ರಿ ಮುಗಿಸಿ ಹೋಗುತ್ತಾರೆ. ಮೈಕ್ ಮುಂದೆ ಕೂತವನು ಮಾತ್ರ ಅಲ್ಲೇ ಇರುತ್ತಾನೆ.

ಇಂಥವರಲ್ಲಿ ದೊಡ್ಡ ಹೆಸರು ಜ್ಯಾಕ್ ಕ್ರಿಸ್ಟಲ್. ಮಿಸಿಸಿಪಿ ರಾಜ್ಯದ ಮಿಸಿಸಿಪಿ ಸ್ಟೇಟ್ ಯೂನಿವರ್ಸಿಟಿ ತಂಡದ ಆಟಗಳನ್ನು 1953ರಿಂದ 2011ರವರೆಗೆ, 58 ವರ್ಷ ಹೇಳಿದವರು. ಫುಟ್‌ಬಾಲ್ ಪಂದ್ಯಗಳೇ 636. ಆ ಕಾಲೇಜು ತಂಡ ಆಡಲು ಶುರು ಮಾಡಿದ್ದು 1895ರಲ್ಲಿ. ಅಲ್ಲಿಂದ ಅವರು ನಿವೃತ್ತಿಯಾಗುವ ಹೊತ್ತಿಗೆ ತಂಡ ಆಡಿದ ಒಟ್ಟು ಪಂದ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಜನ ಕೇಳಿದ್ದು ಇವರೊಬ್ಬರ ಬಾಯಲ್ಲೇ.

ಇಷ್ಟಾದರೂ ಹೊಟ್ಟೆಪಾಡಿಗೆ ಅವರು ನೆಚ್ಚಿಕೊಂಡಿದ್ದು ಕಾಮೆಂಟರಿಯನ್ನಲ್ಲ. ಟುಪೆಲೊ ಅನ್ನೋ ಊರಿನಲ್ಲಿ ರೇಡಿಯೊ, ಆಮೇಲೆ ಟಿವಿ ಕೇಂದ್ರದ ಪರವಾಗಿ ಜಾಹೀರಾತು ಮಾರಾಟ ಮಾಡುತ್ತಿದ್ದರು. ಈ ವೃತ್ತಿ ನಿಜವಾಗಿ ಹೇಗೆ ನಡೆಯುತ್ತೆ ಅಂತ ತಿಳಿಯಲು ಅವರ ಬದುಕಿಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಕಾಲೇಜು ಆಟಕ್ಕೆ ಯಾಕಿಷ್ಟು ಹುಚ್ಚು?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ನಾವು ಟಿವಿಯಲ್ಲಿ ನೋಡುವ ಮೆಸ್ಸಿ, ರೊನಾಲ್ಡೊ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದೊಂದು ಕಡೆ 11 ಜನ. ಮೈದಾನ 100 ಗಜ ಉದ್ದ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ.

ಮಿಸಿಸಿಪಿ ಹತ್ತಿ ಬೆಳೆಯುವ, ಹಳ್ಳಿಗಳೇ ಹೆಚ್ಚಿರುವ ರಾಜ್ಯ. ನ್ಯೂಯಾರ್ಕ್, ಷಿಕಾಗೋಗಳಲ್ಲಿ ಇರುವಂಥ ದೊಡ್ಡ ವೃತ್ತಿಪರ ತಂಡ ಅಲ್ಲಿ ಒಂದೂ ಇಲ್ಲ. ಹಾಗಾಗಿ ಅಭಿಮಾನ ಪೂರ್ತಿ ಕಾಲೇಜು ತಂಡಗಳ ಮೇಲೆ. ಮಿಸಿಸಿಪಿ ಸ್ಟೇಟ್ ಇರೋದು ಸ್ಟಾರ್ಕ್‌ವಿಲ್ ಎಂಬ ಊರಲ್ಲಿ. ಜನಸಂಖ್ಯೆ ಸುಮಾರು 25 ಸಾವಿರ, ಅಂದರೆ ನಮ್ಮ ಒಂದು ಚಿಕ್ಕ ತಾಲ್ಲೂಕು ಕೇಂದ್ರದಷ್ಟು. ಆದರೆ ಕಾಲೇಜಿನ ಕ್ರೀಡಾಂಗಣದಲ್ಲಿ ಸುಮಾರು 60 ಸಾವಿರ ಸೀಟು! ಶನಿವಾರ ಪಂದ್ಯ ಇದ್ದರೆ ಊರಿನ ಎರಡು ಪಟ್ಟು ಜನ ಬಂದು ಸೇರುತ್ತಾರೆ.

1878ರಲ್ಲಿ ಕೃಷಿ ಕಾಲೇಜಾಗಿ ಶುರುವಾದ ಸಂಸ್ಥೆ ಇದು. ಇಲ್ಲಿಯ ಅಭಿಮಾನಿಗಳು ಮೈದಾನಕ್ಕೆ ತರೋದು ಪೀಪಿ, ಡೋಲು ಅಲ್ಲ, ದನದ ಕೊರಳ ಗಂಟೆ. ಸಾವಿರಾರು ಗಂಟೆ ಒಟ್ಟಿಗೆ ಬಾರಿಸುತ್ತಾರೆ. ಎದುರಾಳಿಗಳು ತಕರಾರು ತೆಗೆದು, 1974ರಲ್ಲಿ ಈ ವಲಯದ ಕಾಲೇಜು ಒಕ್ಕೂಟ ಇಂಥ ಶಬ್ದ ಸಾಧನಗಳನ್ನೇ ನಿಷೇಧಿಸಿತು. ಆದರೂ ಜನ ಕದ್ದುಮುಚ್ಚಿ ತರೋದು ಬಿಡಲಿಲ್ಲ. ಕೊನೆಗೆ 2010ರಲ್ಲಿ, ಆಟ ನಿಂತಿರುವಾಗ ಮಾತ್ರ ಬಾರಿಸಬೇಕು ಅನ್ನೋ ತರಹದ ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ರೇಡಿಯೊದಲ್ಲಿ ಆಟ ಕೇಳುವವರಿಗೆ ಕ್ರಿಸ್ಟಲ್ ದನಿಯ ಹಿಂದೆ ಯಾವತ್ತೂ ಈ ಗಂಟೆ ಸದ್ದು ಕೇಳಿಸುತ್ತಿತ್ತು.

ಟಿವಿ ಇದ್ದರೂ ರೇಡಿಯೊ ಗೆದ್ದಿದ್ದು ಹೇಗೆ?

ಅಮೆರಿಕದಲ್ಲಿ 1950ರ ದಶಕದಲ್ಲೇ ಮನೆಮನೆಗೆ ಟಿವಿ ಬರತೊಡಗಿತ್ತು. ಆದರೆ ಟಿವಿಯಲ್ಲಿ ಆಟ ತೋರಿಸಿದರೆ ಟಿಕೆಟ್ ಯಾರು ತಗೊಳ್ತಾರೆ ಅನ್ನೋ ಭಯ ಕಾಲೇಜುಗಳಿಗೆ ಹುಟ್ಟಿತು. ಕಾಲೇಜು ಕ್ರೀಡೆಯ ಮೇಲುಸ್ತುವಾರಿ ಸಂಸ್ಥೆಯಾದ ಎನ್‌ಸಿಎಎ ಟಿವಿ ಪ್ರಸಾರವನ್ನು ತನ್ನ ಕೈಗೆ ತೆಗೆದುಕೊಂಡು, ವಾರಕ್ಕೆ ಇಂತಿಷ್ಟೇ ಪಂದ್ಯ, ಒಂದು ತಂಡಕ್ಕೆ ಇಷ್ಟೇ ಸಲ ಅಂತ ಮಿತಿ ಹಾಕಿತು.

ಈ ಬಿಗಿ ಮೂರು ದಶಕ ನಡೆಯಿತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇದು ವ್ಯಾಪಾರದ ಸ್ಪರ್ಧೆಯನ್ನು ತಡೆಯುವ ಏರ್ಪಾಡು, ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಮಿಸಿಸಿಪಿ ಸ್ಟೇಟ್‌ನಂಥ ತಂಡದ ಹೆಚ್ಚಿನ ಆಟಗಳು ಟಿವಿಯಲ್ಲಿ ಬರುತ್ತಲೇ ಇರಲಿಲ್ಲ. ಮೈದಾನಕ್ಕೆ ಹೋಗಬೇಕು, ಇಲ್ಲವೇ ರೇಡಿಯೊ ಹಚ್ಚಬೇಕು. ಮೂರನೇ ದಾರಿ ಇರಲಿಲ್ಲ.

ಈಗ ಯೋಚಿಸಿ. ಟ್ರ್ಯಾಕ್ಟರ್ ಮೇಲೆ ಕೂತವನು, ಲಾರಿ ಓಡಿಸುವವನು, ಅಂಗಡಿ ಬಿಟ್ಟು ಏಳಲಾಗದವನು, ಕಣ್ಣು ಕಾಣದವನು, ಆಸ್ಪತ್ರೆ ಮಂಚದ ಮೇಲೆ ಇರುವವನು. ಇವರೆಲ್ಲರಿಗೂ ಆಟ ಅಂದರೆ ಒಬ್ಬ ಮನುಷ್ಯ ಹೇಳಿದ್ದಷ್ಟೇ. ಅವನು ತಪ್ಪು ಹೇಳಿದರೆ ಇವರಿಗೆ ಸರಿ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ. ಈ ಕೆಲಸದ ಭಾರ ಇರೋದು ಇಲ್ಲೇ.

ಮೆಟ್ಟಿಲು ಹತ್ತಿದ ಬಗೆ

ಕ್ರಿಸ್ಟಲ್ ಹುಟ್ಟಿದ್ದು 1925ರ ಡಿಸೆಂಬರ್ 10ರಂದು, ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ. ಯುರೋಪಿನಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. ರೇಡಿಯೊ ಆಗಷ್ಟೇ ಮನೆಗಳಿಗೆ ಬರುತ್ತಿದ್ದ ಕಾಲ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯವೊಂದು ಮೊದಲ ಬಾರಿಗೆ ವಾಣಿಜ್ಯ ರೇಡಿಯೊ ಕೇಂದ್ರದಿಂದ ನೇರ ಪ್ರಸಾರವಾಗಿದ್ದು 1921ರ ಅಕ್ಟೋಬರ್‌ನಲ್ಲಿ, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಕ್ರಿಸ್ಟಲ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆ ಅಷ್ಟೇ. ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಆಟ ಕೇಳಿದಾಗಲೇ ಈ ಕೆಲಸದ ಆಸೆ ಹುಟ್ಟಿತ್ತು.

ಎರಡನೇ ಮಹಾಯುದ್ಧದ ಸಮಯದಲ್ಲಿ ಸೇನೆಯ ವಾಯುದಳದಲ್ಲಿದ್ದರು. ಯುದ್ಧ ಮುಗಿದ ಮೇಲೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದರು. ಆಮೇಲೆ ಸಣ್ಣ ಊರುಗಳ ಬೇಸ್‌ಬಾಲ್ ತಂಡಗಳ ಆಟ ಹೇಳುವ ಕೆಲಸ ಹಿಡಿದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೊಂದು ಊರಿಗೆ ಅಲೆದು, ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಊರಿಗೆ ಬಂದಿದ್ದಾಗ ಮಿಸಿಸಿಪಿ ಸ್ಟೇಟ್‌ಗೆ ಕಾಮೆಂಟೇಟರ್ ಬೇಕಂತೆ ಅಂತ ಗೊತ್ತಾಯಿತು.

ಈ ವೃತ್ತಿಯಲ್ಲಿ ಬಹುತೇಕರ ದಾರಿ ಇದೇ. ಮೊದಲು ಹೈಸ್ಕೂಲ್ ಆಟ, ಆಮೇಲೆ ಸಣ್ಣ ಊರಿನ ಬೇಸ್‌ಬಾಲ್, ಅದಾದ ಮೇಲೆ ಕಾಲೇಜು. ಸಂಬಳ ಕೇಳುವ ಹಾಗಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಕೂಡ 1932ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯವನ್ನು ರೇಡಿಯೊದಲ್ಲಿ ಹೇಳಿಯೇ ಕೆಲಸ ಶುರು ಮಾಡಿದ್ದು. ಸಿಕ್ಕಿದ್ದು 5 ಡಾಲರ್ ಮತ್ತು ಬಸ್ ಚಾರ್ಜ್. ಜಾರ್ಜಿಯಾ ವಿಶ್ವವಿದ್ಯಾಲಯದ ದನಿ ಅಂತಲೇ ಹೆಸರಾದ ಲ್ಯಾರಿ ಮನ್ಸನ್ ಸೇನೆಯಿಂದ ಬಿಡುಗಡೆಯಾದಾಗ ಬಂದ 200 ಡಾಲರ್ ಕಟ್ಟಿ ರೇಡಿಯೊ ಶಾಲೆ ಸೇರಿದವರು.

ಕ್ರಿಸ್ಟಲ್‌ಗೆ 1953ರಲ್ಲಿ ಗೊತ್ತಾದ ದರ ಒಂದು ಫುಟ್‌ಬಾಲ್ ಪಂದ್ಯಕ್ಕೆ 25 ಡಾಲರ್. ಸೀಸನ್‌ಗೆ ಹತ್ತು ಪಂದ್ಯ ಇದ್ದರೆ 250 ಡಾಲರ್. ಇದರಲ್ಲಿ ಸಂಸಾರ ನಡೆಯೋದು ಸಾಧ್ಯವೇ ಇರಲಿಲ್ಲ.

'ನಾಲ್ಕೇ ವಿಷಯ ಹೇಳು, ಸಾಕು'

ಆಗ ಕಾಲೇಜಿನ ಕ್ರೀಡಾ ನಿರ್ದೇಶಕರಾಗಿದ್ದವರು ಡ್ಯೂಡಿ ನೋಬಲ್ ಎಂಬ ಹಿರಿಯರು. ಹೊಸ ಹುಡುಗನನ್ನು ಕೂರಿಸಿಕೊಂಡು ಅವರು ಹೇಳಿದ ಬುದ್ಧಿಮಾತನ್ನು ಕ್ರಿಸ್ಟಲ್ ಜೀವನಪೂರ್ತಿ ನೆನೆಯುತ್ತಿದ್ದರು. ಸಾರಾಂಶ ಇಷ್ಟು: ಸ್ಕೋರ್ ಎಷ್ಟು, ಚೆಂಡು ಯಾರ ಹತ್ತಿರ ಇದೆ, ಎಲ್ಲಿದೆ, ಟೈಮ್ ಎಷ್ಟು ಉಳಿದಿದೆ. ಕೇಳುವವನಿಗೆ ಇಷ್ಟು ಹೇಳು. ಮಿಕ್ಕ ಬೊಗಳೆ ಬೇಡ.

ಕೇಳಿದರೆ ಸುಲಭ ಅನಿಸುತ್ತೆ. ಮಾಡಿ ನೋಡಿದವರಿಗೆ ಕಷ್ಟ ಗೊತ್ತು. ಆಟ ಬಿಸಿಯಾದಾಗ ಮೊದಲು ಮರೆತುಹೋಗೋದೇ ಸ್ಕೋರ್. ಕಿರುಚಾಟದಲ್ಲಿ ಯಾರು ಯಾರಿಗೆ ಹೊಡೆದರು ಅಂತ ಹೇಳ್ತಾರೆ ಹೊರತು ಈಗ ಯಾರು ಮುಂದಿದ್ದಾರೆ ಅನ್ನೋದು ಬಿಟ್ಟುಹೋಗುತ್ತೆ. ಮೈದಾನದಲ್ಲಿ ಕೂತವನಿಗೆ ಬೋರ್ಡ್ ಕಾಣುತ್ತೆ. ರೇಡಿಯೊ ಕೇಳುವವನು ಆಗ ತಾನೇ ಗಾಡಿ ಹತ್ತಿ ಸ್ವಿಚ್ ಒತ್ತಿರುತ್ತಾನೆ.

ಇದಕ್ಕೆ ಹಳಬರು ಉಪಾಯ ಮಾಡಿಕೊಂಡಿದ್ದರು. ರೆಡ್ ಬಾರ್ಬರ್ ಎಂಬ ಪ್ರಖ್ಯಾತ ವಿವರಣೆಗಾರರು ಎದುರಿಗೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮೊಟ್ಟೆ ಬೇಯಿಸುವಾಗ ಟೈಮ್ ನೋಡಲು ಅಡುಗೆಮನೆಯಲ್ಲಿ ಇಡ್ತಾರಲ್ಲ, ಅಂಥದ್ದು. ಮರಳು ಕೆಳಗಿಳಿದ ಕೂಡಲೇ ಸ್ಕೋರ್ ಹೇಳೋದು, ಗಡಿಯಾರ ಮಗುಚಿ ಇಡೋದು. ಬಾರ್ಬರ್ ಹುಟ್ಟಿದ್ದು 1908ರಲ್ಲಿ ಇದೇ ಮಿಸಿಸಿಪಿಯ ಕೊಲಂಬಸ್‌ನಲ್ಲಿ, ಸ್ಟಾರ್ಕ್‌ವಿಲ್‌ನಿಂದ ಸುಮಾರು 40 ಕಿ.ಮೀ. ದೂರದ ಊರು. ಅವರೂ 1930ರಲ್ಲಿ ಮೈಕ್ ಹಿಡಿದಿದ್ದು ಫ್ಲೋರಿಡಾ ವಿಶ್ವವಿದ್ಯಾಲಯದ ರೇಡಿಯೊ ಕೇಂದ್ರದಲ್ಲೇ.

ಇನ್ನೊಂದು ಮುಖ್ಯ ಸಂಗತಿ ದಿಕ್ಕು. ತಂಡ ಎಡದಿಂದ ಬಲಕ್ಕೆ ಹೋಗುತ್ತಿದೆಯೋ, ಬಲದಿಂದ ಎಡಕ್ಕೋ ಅಂತ ಮೊದಲೇ ಹೇಳಿಬಿಡಬೇಕು. ಯಾವ ಬಣ್ಣದ ಅಂಗಿ, ಮಳೆ ಇದೆಯಾ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತಲೂ ಹೇಳಬೇಕು. ಇಷ್ಟು ಸಿಕ್ಕರೆ ಕೇಳುಗ ತಲೆಯೊಳಗೆ ತಾನೇ ಒಂದು ಮೈದಾನ ಹಾಕಿಕೊಳ್ಳುತ್ತಾನೆ. ಆಮೇಲೆ ಅವನಿಗೆ ಬೇಕಾಗಿರೋದು ಚೆಂಡು ಎಲ್ಲಿದೆ ಅನ್ನೋದಷ್ಟೇ.

ಮೂರು ಗಂಟೆ ಆಟಕ್ಕೆ ವಾರಪೂರ್ತಿ ತಯಾರಿ

ಕಾಲೇಜು ಫುಟ್‌ಬಾಲ್ ತಂಡ ಅಂದರೆ ನೂರರ ಆಸುಪಾಸು ಹುಡುಗರು. ಎದುರಾಳಿ ತಂಡದಲ್ಲೂ ಅಷ್ಟೇ. ಅವರೆಲ್ಲ ಹೆಲ್ಮೆಟ್ ಹಾಕಿರುತ್ತಾರೆ, ಮುಖ ಕಾಣಲ್ಲ. ಗುರುತು ಹಿಡಿಯಬೇಕಾಗಿರೋದು ಅಂಗಿಯ ನಂಬರಿನಿಂದ. ಎರಡು ಸೆಕೆಂಡಿನಲ್ಲಿ ನಂಬರ್ ನೋಡಿ ಹೆಸರು ಹೇಳಬೇಕು.

ಅದಕ್ಕಾಗಿ ವಿವರಣೆಗಾರರು ವಾರ ವಾರ ಒಂದು ದೊಡ್ಡ ರಟ್ಟಿನ ಚಾರ್ಟ್ ತಯಾರು ಮಾಡುತ್ತಾರೆ. ಮೈದಾನದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೋ ಅದೇ ಜಾಗದಲ್ಲಿ ಅವರ ನಂಬರ್, ಹೆಸರು, ಎತ್ತರ, ತೂಕ, ಊರು. ಅದರ ಕೆಳಗೆ ಬದಲಿ ಆಟಗಾರನ ವಿವರ. ಪಕ್ಕದಲ್ಲಿ ದುರ್ಬೀನು ಹಿಡಿದ ಸಹಾಯಕ ಕೂತಿರುತ್ತಾನೆ. ಚೆಂಡು ಹಿಡಿದವನು ಯಾರು, ಬೀಳಿಸಿದವನು ಯಾರು ಅಂತ ಮಾತಾಡದೆ ಚಾರ್ಟಿನ ಮೇಲೆ ಬೆರಳಿಟ್ಟು ತೋರಿಸೋದು ಅವನ ಕೆಲಸ. ಅಂಕಿಅಂಶ ಬರೆಯಲು ಇನ್ನೊಬ್ಬ, ಮೈಕ್ ಲೈನ್ ನೋಡಿಕೊಳ್ಳಲು ಒಬ್ಬ ಎಂಜಿನಿಯರ್.

ಆಟಗಾರನ ಊರನ್ನು ಹೇಳೋದಕ್ಕೂ ಕಾರಣ ಇದೆ. ಇಂಥ ಊರಿನ ಹುಡುಗ 12 ಗಜ ಓಡಿದ ಅಂದಾಗ ಆ ಊರಿನ ಚಹಾದಂಗಡಿಯಲ್ಲಿ ರೇಡಿಯೊ ಕೇಳುತ್ತಿರುವವರಿಗೆ ಅದು ತಮ್ಮದೇ ಸುದ್ದಿ. ಹೆಸರಿನ ಉಚ್ಚಾರಣೆ ತಪ್ಪಿದರೆ ಹುಡುಗನ ಅಮ್ಮನಿಗೆ ಬೇಜಾರಾಗುತ್ತೆ. ಹಾಗಾಗಿ ಎದುರಾಳಿ ತಂಡದ ಹೆಸರುಗಳನ್ನೂ ಆ ಕಾಲೇಜಿನವರನ್ನು ಕೇಳಿ ಖಚಿತ ಮಾಡಿಕೊಳ್ಳುವುದು ಪದ್ಧತಿ.

ಬಾಸ್ಕೆಟ್‌ಬಾಲ್ ಇನ್ನೂ ಕಷ್ಟ. ಕ್ರಿಸ್ಟಲ್ 1950ರ ದಶಕದ ಕೊನೆಯ ಹೊತ್ತಿಗೆ ಅದನ್ನೂ ಹೇಳಲು ಶುರು ಮಾಡಿದ್ದರು. ಆಟ ಎಷ್ಟು ಬಿರುಸು ಅಂದರೆ ಕೆಳಗೆ ಚಾರ್ಟ್ ನೋಡುವಷ್ಟು ಪುರಸೊತ್ತಿಲ್ಲ. ಹತ್ತೂ ಆಟಗಾರರ ನಂಬರ್ ಬಾಯಿಪಾಠ ಆಗಿರಬೇಕು.

ಇಷ್ಟೆಲ್ಲ ತಯಾರಿ ಮಾಡಿಕೊಂಡರೂ ಕೆಲವು ಸಲ ಯಾರೂ ಊಹಿಸದ್ದು ನಡೆದುಬಿಡುತ್ತೆ. 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯಾ ಮತ್ತು ಸ್ಟ್ಯಾನ್‌ಫರ್ಡ್ ತಂಡಗಳ ಪಂದ್ಯ. ಕೊನೆಯ ಸೆಕೆಂಡುಗಳಲ್ಲಿ ಕ್ಯಾಲಿಫೋರ್ನಿಯಾ ಹುಡುಗರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಐದು ಸಲ ದಾಟಿಸುತ್ತಾ ಓಡಿದರು. ಆಟ ಮುಗಿಯಿತು, ಗೆದ್ದೆವು ಅಂದುಕೊಂಡ ಸ್ಟ್ಯಾನ್‌ಫರ್ಡ್ ಬ್ಯಾಂಡ್‌ಸೆಟ್ಟಿನವರು ಅಷ್ಟರಲ್ಲಿ ಮೈದಾನಕ್ಕೇ ನುಗ್ಗಿಬಿಟ್ಟಿದ್ದರು! ಅವರ ನಡುವೆಯೇ ತೂರಿಕೊಂಡು ಹೋಗಿ ಗೆಲುವಿನ ಅಂಕ ಹೊಡೆದರು. ಫಲಿತಾಂಶ 25–20. ಕ್ಯಾಲಿಫೋರ್ನಿಯಾ ಕಡೆಯ ರೇಡಿಯೊ ವಿವರಣೆಗಾರ ಜೋ ಸ್ಟಾರ್ಕಿ ಆವತ್ತು ಹೇಳಿದ ಕಾಮೆಂಟರಿಯನ್ನು ಜನ ಇವತ್ತಿಗೂ ಹುಡುಕಿ ಕೇಳುತ್ತಾರೆ.

ದುಡ್ಡು ಬರೋದು ಎಲ್ಲಿಂದ?

ಇಲ್ಲಿ ಅಂಗಡಿಯವರಿಗೆ ಅರ್ಥವಾಗುವ ಲೆಕ್ಕ ಇದೆ. ಕಾಲೇಜು ಪಂದ್ಯದ ಪ್ರಸಾರ ಒಂದು ಕೇಂದ್ರದಿಂದ ಹೊರಡುತ್ತೆ. ಹಿಂದೆ ಟೆಲಿಫೋನ್ ಲೈನ್ ಮೂಲಕ, ಆಮೇಲೆ ಉಪಗ್ರಹದ ಮೂಲಕ ಅದು ರಾಜ್ಯದ ಹತ್ತಾರು ಊರುಗಳ ಚಿಕ್ಕ ಚಿಕ್ಕ ರೇಡಿಯೊ ಕೇಂದ್ರಗಳಿಗೆ ತಲುಪುತ್ತೆ. ಇದಕ್ಕೆ ನೆಟ್‌ವರ್ಕ್ ಅಂತಾರೆ. ವಿವರಣೆಗಾರ ಗೊತ್ತುಮಾಡಿದ ಒಂದು ಮಾತು ಹೇಳಿ ನಿಲ್ಲಿಸಿದ ಕೂಡಲೇ ಆಯಾ ಊರಿನ ಕೇಂದ್ರ ತನ್ನ ಊರಿನ ಜಾಹೀರಾತು ಹಾಕಿಕೊಳ್ಳುತ್ತೆ. ಒಂದೂರಲ್ಲಿ ಟ್ರ್ಯಾಕ್ಟರ್ ಡೀಲರ್, ಇನ್ನೊಂದೂರಲ್ಲಿ ಮೆಡಿಕಲ್ ಶಾಪ್, ಮತ್ತೊಂದು ಕಡೆ ಬ್ಯಾಂಕ್. ಆಟ ಒಂದೇ, ಅಂಗಡಿಗಳು ಬೇರೆ ಬೇರೆ.

ಅಂದರೆ ಕೇಳುಗನಿಗೆ ಈ ಪ್ರಸಾರ ಪುಕ್ಕಟೆ ಸಿಗುತ್ತಿದ್ದುದು ಸಣ್ಣ ಊರಿನ ವ್ಯಾಪಾರಿಗಳಿಂದ. ಕ್ರಿಸ್ಟಲ್ 1955ರಲ್ಲಿ ಟುಪೆಲೊಗೆ ಬಂದು ನೆಲೆಸಿದ ಮೇಲೆ ಮಾಡಿದ ಕೆಲಸ ಇದರ ಇನ್ನೊಂದು ಮಗ್ಗುಲು. ಟುಪೆಲೊ ಅಂದರೆ ಗಾಯಕ ಎಲ್ವಿಸ್ ಪ್ರೀಸ್ಲಿ ಹುಟ್ಟಿದೂರು. ಅಲ್ಲಿ ಕ್ರಿಸ್ಟಲ್ ವಾರದ ದಿನಗಳಲ್ಲಿ ತಮ್ಮ ಕೇಂದ್ರಕ್ಕೆ ಊರಿನ ವ್ಯಾಪಾರಿಗಳಿಂದ ಜಾಹೀರಾತು ತರುತ್ತಿದ್ದರು. ಶನಿವಾರ ಬಂತೆಂದರೆ ಸುಮಾರು 100 ಕಿ.ಮೀ. ದೂರದ ಸ್ಟಾರ್ಕ್‌ವಿಲ್‌ಗೋ, ಇಲ್ಲಾ ಹೊರ ರಾಜ್ಯಕ್ಕೋ ಆಟ ಹೇಳಲು ಪ್ರಯಾಣ.

ಜಾಹೀರಾತು ಮಾರುವವನ ಬಂಡವಾಳ ಅಂದರೆ ಮಾತಿನ ಮೇಲಿನ ನಂಬಿಕೆ. ಶನಿವಾರ ಸೋತ ಆಟವನ್ನು ಗೆದ್ದಂತೆ ಬಣ್ಣ ಹಚ್ಚಿ ಹೇಳಿದವನ ಮಾತನ್ನು ಸೋಮವಾರ ಯಾರು ನಂಬ್ತಾರೆ?

ಬಾಯಿ ಮುಚ್ಚಿಕೊಳ್ಳದ ಪ್ರಾಮಾಣಿಕತೆ

ಕ್ರಿಸ್ಟಲ್ ತಮ್ಮ ತಂಡ ಕೆಟ್ಟದಾಗಿ ಆಡಿದಾಗ ಹಾಗೆಯೇ ಹೇಳುತ್ತಿದ್ದರು. ಮಿಸಿಸಿಪಿ ಸ್ಟೇಟ್ ಗೆದ್ದಿದ್ದಕ್ಕಿಂತ ಸೋತಿದ್ದೇ ಹೆಚ್ಚಿರುವ ಸೀಸನ್‌ಗಳು ಅವರ ಕಾಲದಲ್ಲಿ ಬೇಕಾದಷ್ಟಿದ್ದವು. ಗೊಗ್ಗರು ದನಿ, ಅಳೆದು ತೂಗಿದ ಮಾತು, ಕಿರುಚಾಟ ಕಡಿಮೆ. ಗೆದ್ದಾಗ ಮಾತ್ರ ಅವರ ಬಾಯಿಂದ ಒಂದು ಮಾತು ಬರುತ್ತಿತ್ತು: ಇದನ್ನು ಮರೂನ್ ಮತ್ತು ಬಿಳಿಯಲ್ಲಿ ಸುತ್ತಿಕೊಡಿ ಅಂತ. ಅದು ಕಾಲೇಜಿನ ಬಣ್ಣ. ಬಟ್ಟೆ ಅಂಗಡಿಯಲ್ಲಿ ವ್ಯಾಪಾರ ಕುದುರಿದ ಮೇಲೆ ಪ್ಯಾಕ್ ಮಾಡಿ ಅನ್ನೋ ಹಾಗೆ. ಸೋತಾಗ ಹೇಳುತ್ತಿರಲಿಲ್ಲವಾದ್ದರಿಂದಲೇ ಜನ ಆ ಮಾತಿಗೆ ಕಾದು ಕೂರುತ್ತಿದ್ದರು.

ಎಲ್ಲರೂ ಹೀಗೇ ಇರಬೇಕೆಂದಿಲ್ಲ. 1966ರಿಂದ 2008ರವರೆಗೆ ಜಾರ್ಜಿಯಾ ತಂಡದ ಆಟ ಹೇಳಿದ ಲ್ಯಾರಿ ಮನ್ಸನ್ ಪೂರ್ತಿ ಉಲ್ಟಾ. ಅವರು ತಂಡವನ್ನು 'ನಾವು' ಅಂತಲೇ ಕರೆಯುತ್ತಿದ್ದರು. ಸೋತುಬಿಡ್ತೀವೇನೋ ಅಂತ ಆತಂಕಪಡುತ್ತಿದ್ದರು. 1980ರ ನವೆಂಬರ್ 8ರಂದು ಫ್ಲೋರಿಡಾ ವಿರುದ್ಧ ಲಿಂಡ್ಸೆ ಸ್ಕಾಟ್ 93 ಗಜದ ಆಟದಲ್ಲಿ ಗೆಲುವಿನ ಅಂಕ ತಂದಾಗ, ಓಡು ಓಡು ಅಂತ ಮೈಕ್‌ನಲ್ಲೇ ಕೂಗಿಕೊಂಡರು. ಆ ಆಟ 26–21ರಲ್ಲಿ ಗೆದ್ದ ಜಾರ್ಜಿಯಾ ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. ಜನ ಮನ್ಸನ್‌ರನ್ನೂ ಅಷ್ಟೇ ಪ್ರೀತಿಸಿದರು. ಯಾಕೆಂದರೆ ಪಕ್ಷಪಾತ ಇದ್ದರೂ ಅದನ್ನು ಮುಚ್ಚಿಡಲಿಲ್ಲ, ಚೆಂಡು ಎಲ್ಲಿದೆ ಅನ್ನೋದನ್ನು ಬಿಡಲಿಲ್ಲ.

ಅದೇ ನವೆಂಬರ್ ಒಂದನೇ ತಾರೀಖು ಕ್ರಿಸ್ಟಲ್ ಪಾಲಿಗೂ ದೊಡ್ಡ ದಿನ. ಜ್ಯಾಕ್ಸನ್ ನಗರದಲ್ಲಿ ಎದುರಾಳಿ ಅಲಬಾಮಾ. ದೇಶದಲ್ಲೇ ಒಂದನೇ ಸ್ಥಾನ, ಸತತ 28 ಪಂದ್ಯ ಗೆದ್ದ ತಂಡ. ಮಿಸಿಸಿಪಿ ಸ್ಟೇಟ್ 6–3ರಲ್ಲಿ ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ಅಲಬಾಮಾ ಚೆಂಡನ್ನು ಗೆರೆಗೆ ನಾಲ್ಕೇ ಗಜ ದೂರಕ್ಕೆ ತಂದು ನಿಲ್ಲಿಸಿತು. ಆಗ ಅಲಬಾಮಾ ಆಟಗಾರನ ಕೈಯಿಂದ ಚೆಂಡು ಜಾರಿತು, ಮಿಸಿಸಿಪಿ ಸ್ಟೇಟ್‌ನ ಬಿಲ್ಲಿ ಜ್ಯಾಕ್ಸನ್ ಅದರ ಮೇಲೆ ಬಿದ್ದರು. ಅಲ್ಲಿಗೆ ಮುಗಿಯಿತು. ಇಂಥ ಹೊತ್ತಲ್ಲಿ ರೇಡಿಯೊ ಕೇಳುವವನಿಗೆ ಬೇಕಾಗೋದು ನೋಬಲ್ ಹೇಳಿದ ಆ ನಾಲ್ಕು ವಿಷಯಗಳೇ: ಸ್ಕೋರ್, ಚೆಂಡು ಯಾರ ಹತ್ತಿರ, ಎಲ್ಲಿ, ಎಷ್ಟು ಸೆಕೆಂಡ್ ಉಳಿದಿದೆ.

ಕಾಲ ಬದಲಾದದ್ದನ್ನು ಕಂಡ ದನಿ

58 ವರ್ಷ ಅಂದರೆ ಸಣ್ಣ ಕಾಲ ಅಲ್ಲ. ಕ್ರಿಸ್ಟಲ್ ಮೊದಲ ಪಂದ್ಯ ಹೇಳಿದಾಗ ಮಿಸಿಸಿಪಿ ಸ್ಟೇಟ್ ತಂಡದಲ್ಲಿ ಬಿಳಿಯರು ಮಾತ್ರ ಇದ್ದರು. ಕಾಲೇಜಿಗೇ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಕಪ್ಪು ಆಟಗಾರರಿರುವ ತಂಡದ ಎದುರು ಆಡಬಾರದು ಅನ್ನೋ ಬರೆಯದ ಕಟ್ಟಳೆಯಿಂದಾಗಿ ಬಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಗಳನ್ನೇ ಬಿಟ್ಟುಕೊಟ್ಟಿತ್ತು. 1963ರಲ್ಲಿ ತಂಡ ಕೋರ್ಟ್ ತಡೆಯಾಜ್ಞೆ ಕೈಗೆ ಸಿಗುವ ಮುಂಚೆ ರಾಜ್ಯದಿಂದ ಗುಟ್ಟಾಗಿ ಹೊರಟು ಮಿಷಿಗನ್‌ಗೆ ಹೋಗಿ, ಕಪ್ಪು ಆಟಗಾರರಿದ್ದ ಷಿಕಾಗೋದ ಲೊಯೋಲಾ ತಂಡದ ಜತೆ ಆಡಿ ಬಂತು. ಆ ದಶಕ ಮುಗಿಯುವ ಹೊತ್ತಿಗೆ ರಾಬರ್ಟ್ ಬೆಲ್, ಫ್ರ್ಯಾಂಕ್ ಡೌಸಿಂಗ್ ಎಂಬ ಕಪ್ಪು ಯುವಕರು ಫುಟ್‌ಬಾಲ್ ತಂಡ ಸೇರಿದರು. ಮುಂದೆ ಅದೇ ರೇಡಿಯೊದಲ್ಲಿ, ಅದೇ ದನಿಯಲ್ಲಿ, ಇಂಥ ಹುಡುಗರ ಹೆಸರನ್ನೂ ಅವರ ಊರನ್ನೂ ಇಡೀ ರಾಜ್ಯ ಕೇಳಿತು.

1984ರ ತೀರ್ಪಿನ ನಂತರ ಟಿವಿ ಪ್ರಸಾರ ಹೆಚ್ಚುತ್ತಾ ಹೋಯಿತು. ಆಗ ಹೊಸ ಅಭ್ಯಾಸ ಹುಟ್ಟಿತು. ಜನ ಟಿವಿ ಹಚ್ಚಿ ಸೌಂಡ್ ಬಂದ್ ಮಾಡಿ, ಪಕ್ಕದಲ್ಲಿ ರೇಡಿಯೊ ಇಟ್ಟುಕೊಳ್ಳತೊಡಗಿದರು. ಚಿತ್ರ ಟಿವಿಯದ್ದು, ಮಾತು ತಮ್ಮವರದ್ದು. ಟಿವಿ ವಿವರಣೆಗಾರ ಈ ವಾರ ಇಲ್ಲಿ, ಮುಂದಿನ ವಾರ ಇನ್ನೆಲ್ಲೋ. ಎರಡೂ ತಂಡ ಅವನಿಗೆ ಒಂದೇ. ರೇಡಿಯೊದವನು ಮನೆಯವನು. ಆದರೆ ಈಗಿನ ಡಿಜಿಟಲ್ ಟಿವಿ ಪ್ರಸಾರ ಕೆಲವು ಸೆಕೆಂಡ್ ತಡವಾಗಿ ಬರೋದರಿಂದ ಈ ಜೋಡಿ ಸರಿಹೊಂದಲ್ಲ. ರೇಡಿಯೊದಲ್ಲಿ ಗೆದ್ದಾಗಿರುತ್ತೆ, ಟಿವಿಯಲ್ಲಿ ಚೆಂಡು ಇನ್ನೂ ಕೈಯಲ್ಲೇ ಇರುತ್ತೆ.

ವ್ಯವಹಾರವೂ ಬದಲಾಗಿದೆ. ಇಂದು ಬಹಳಷ್ಟು ಕಾಲೇಜುಗಳ ಪ್ರಸಾರ, ಜಾಹೀರಾತು ಹಕ್ಕುಗಳನ್ನು ದೊಡ್ಡ ಕಂಪನಿಗಳು ಒಟ್ಟಿಗೆ ಕೊಳ್ಳುತ್ತವೆ. ಅವುಗಳಲ್ಲಿ ಮುಖ್ಯವಾದ ಲರ್ನ್‌ಫೀಲ್ಡ್ ಥರದ ಹೆಸರಿನ ಗೊಂದಲ ಬೇಡ, ಲಿಯರ್‌ಫೀಲ್ಡ್ ಅಂತ ಅದರ ಹೆಸರು. 1970ರ ದಶಕದಲ್ಲಿ ಮಿಸೌರಿ ರಾಜ್ಯದ ರೈತರಿಗೆ ಕೃಷಿ ಸುದ್ದಿ ಕೊಡುವ ರೇಡಿಯೊ ಜಾಲವಾಗಿ ಹುಟ್ಟಿದ ಸಂಸ್ಥೆ ಅದು. ವಿವರಣೆಗಾರ ಈಗ ಅನೇಕ ಕಡೆ ಇಂಥ ಕಂಪನಿಯ ನೌಕರ. ಪೂರ್ಣಾವಧಿ ಕೆಲಸ ಆಗಿದೆ, ಜತೆಗೆ ಕೋಚ್ ಸಂದರ್ಶನ, ವಿಡಿಯೊ, ಸಮಾರಂಭದ ನಿರೂಪಣೆ ಎಲ್ಲವೂ ಅವನ ತಲೆಗೇ ಬರುತ್ತೆ. ಊರಿನ ಅಂಗಡಿ ಅಂಗಡಿ ತಿರುಗಿ ಜಾಹೀರಾತು ತಂದು, ಶನಿವಾರ ಮೈಕ್ ಹಿಡಿಯುವವರು ಕಡಿಮೆಯಾಗಿದ್ದಾರೆ.

ಕೊನೆಯ ಪಂದ್ಯ

ಕ್ರಿಸ್ಟಲ್‌ಗೆ 85 ವರ್ಷ ತುಂಬಿದಾಗ ಮೂತ್ರಪಿಂಡದ ಕಾಯಿಲೆ ಜೋರಾಗಿತ್ತು, ಡಯಾಲಿಸಿಸ್ ನಡೆಯುತ್ತಿತ್ತು. ಅವರು ಹೇಳಿದ ಕೊನೆಯ ಫುಟ್‌ಬಾಲ್ ಪಂದ್ಯ 2011ರ ಜನವರಿ 1ರ ಗೇಟರ್ ಬೌಲ್. ಮಿಸಿಸಿಪಿ ಸ್ಟೇಟ್ 52–14ರಲ್ಲಿ ಮಿಷಿಗನ್ ತಂಡವನ್ನು ಸೋಲಿಸಿತು. ಮುಂದಿನ ತಿಂಗಳು ನಿವೃತ್ತಿ ಘೋಷಿಸಿದರು. ಫೆಬ್ರವರಿ 26ರಂದು ಟೆನೆಸ್ಸಿಯಲ್ಲಿ ಕೊನೆಯ ಬಾಸ್ಕೆಟ್‌ಬಾಲ್ ಪಂದ್ಯ. ತಂಡ ಗೆದ್ದಿತು, ಒಂದೇ ಪಾಯಿಂಟ್ ಅಂತರದಲ್ಲಿ. ಹಾಗಾಗಿ ಮರೂನ್ ಮತ್ತು ಬಿಳಿಯ ಆ ಮಾತನ್ನು ಕೊನೆಯ ಸಲವೂ ಹೇಳುವ ಅವಕಾಶ ಸಿಕ್ಕಿತು.

ಮಿಸಿಸಿಪಿಯ ವರ್ಷದ ಕ್ರೀಡಾ ವಿವರಣೆಗಾರ ಪ್ರಶಸ್ತಿ ಅವರಿಗೆ 21 ಸಲ ಬಂದಿತ್ತು. ಕಾಲೇಜು ಫುಟ್‌ಬಾಲ್ ವಿವರಣೆಗಾರರಿಗೆ ಕೊಡುವ ಕ್ರಿಸ್ ಶೆಂಕಲ್ ಪ್ರಶಸ್ತಿ 1997ರಲ್ಲಿ ಸಿಕ್ಕಿತು. 2014ರ ಸೆಪ್ಟೆಂಬರ್ 7ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಪ್ರದೇಶದ ಕಾಲೇಜುಗಳ ಆಟಕ್ಕೆಂದೇ 24 ಗಂಟೆಯ ಟಿವಿ ಚಾನೆಲ್ ಶುರುವಾಗಿದ್ದು ಅದಕ್ಕೆ ಕೆಲವೇ ವಾರ ಮುಂಚೆ.

ಅವರ ಜಾಗಕ್ಕೆ ಬಂದಿದ್ದು ಜಿಮ್ ಎಲ್ಲಿಸ್, ವರ್ಷಾನುಗಟ್ಟಲೆ ಪಕ್ಕದಲ್ಲೇ ಕೂತು ಆಟ ಹೇಳಿದ್ದವರು. ಎಲ್ಲಿಸ್ ನಂತರ ನೀಲ್ ಪ್ರೈಸ್. ಈಗ ರೇಡಿಯೊ ಜತೆಗೆ ಮೊಬೈಲ್ ಆಪ್‌ನಲ್ಲೂ ಪ್ರಸಾರ ಬರುತ್ತೆ, ಊರು ಬಿಟ್ಟು ದೂರ ಹೋದ ಹಳೇ ವಿದ್ಯಾರ್ಥಿಗಳೂ ಕೇಳಬಹುದು. ಗಾಡಿ ಸ್ಟಾರ್ಟ್ ಮಾಡಿ ಆಟದ ಮಧ್ಯೆ ಕಿವಿಕೊಟ್ಟವನು ಮೊದಲು ಕಾಯೋದು ಮಾತ್ರ ಈಗಲೂ ಸ್ಕೋರ್ ಎಷ್ಟು ಅನ್ನೋದಕ್ಕೇ.